ದೂರದ ಎರಡು ವಿಮಾನ ನಿಲ್ದಾಣಗಳ ನಡುವಿನ ಅಂತರ, ಪ್ರಯಾಣದ ಸಮಯ: ಲೆಕ್ಕ ತಪ್ಪದಂತೆ ಹಾಕುವ ಕ್ರಮ

ಟೋಕಿಯೊದ ನರಿಟಾದಿಂದ ಸಂಜೆ 5 ಗಂಟೆಗೆ ಹೊರಡುವ ವಿಮಾನ ಅದೇ ದಿನ ಬೆಳಿಗ್ಗೆ 9.15ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ತಲುಪುತ್ತದೆ ಎಂದು ಟಿಕೆಟ್‌ನಲ್ಲಿ ಬರೆದಿದ್ದರೆ ಅದು ಅಚ್ಚಿನ ತಪ್ಪಲ್ಲ. ಆದರೆ ಅದನ್ನು ನೋಡಿ ಪ್ರಯಾಣ ಎಷ್ಟು ಗಂಟೆಯದು ಎಂದು ಹೇಳಲು ಹೊರಟ ಹತ್ತು ಜನರಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಕೆಲವರು ಗಡಿಯಾರದಿಂದ ಗಡಿಯಾರವನ್ನು ಕಳೆಯುತ್ತಾರೆ. ಕೆಲವರು ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯುತ್ತಾರೆ. ಉಳಿದವರು ಎಲ್ಲೋ ಸಿಕ್ಕ ಅಂತರವನ್ನು 900ರಿಂದ ಭಾಗಿಸಿ ಕೈ ತೊಳೆದುಕೊಳ್ಳುತ್ತಾರೆ.

ಇಲ್ಲಿ ಬಳಸುವ ಗಣಿತ ಪ್ರೌಢಶಾಲೆಯದು. ಜನ ಎಡವುವುದು ಗಣಿತದಲ್ಲಿ ಅಲ್ಲ, ಕ್ರಮದಲ್ಲಿ. ಮೊದಲು ಭೂಮಿಯ ಮೇಲಿನ ಅಂತರ, ಆಮೇಲೆ ವಿಮಾನ ನಿಜಕ್ಕೂ ಹಾರುವ ದಾರಿ, ಅದಾದ ಮೇಲೆ ವೇಗ ಮತ್ತು ಗಾಳಿ, ನಂತರ ನೆಲದ ಮೇಲೆ ಕಳೆಯುವ ನಿಮಿಷಗಳು, ಎಲ್ಲಕ್ಕಿಂತ ಕೊನೆಗೆ ಸ್ಥಳೀಯ ಗಡಿಯಾರ. ಗಡಿಯಾರವನ್ನು ಮೊದಲೇ ಮುಟ್ಟಿದರೆ ಉಳಿದದ್ದೆಲ್ಲ ಕೆಡುತ್ತದೆ. ನರಿಟಾ–ಸ್ಯಾನ್ ಫ್ರಾನ್ಸಿಸ್ಕೊ ಜೋಡಿಯನ್ನೇ ಉದಾಹರಣೆಯಾಗಿ ಹಿಡಿದು ಒಂದೊಂದೇ ಹಂತ ನೋಡೋಣ. ಪೆಸಿಫಿಕ್ ಸಾಗರದ ನಡುವೆ ದಿನಾಂಕ ಬದಲಾಗುವ ದಿನಾಂಕ ರೇಖೆಯನ್ನು ದಾಟುವ ಈ ದಾರಿಯಲ್ಲಿ ತಪ್ಪಬಹುದಾದ ಎಲ್ಲ ಜಾಗಗಳೂ ಸಿಗುತ್ತವೆ.

## ಬೇಕಾದ ಸಾಮಗ್ರಿ

ಸೈನ್, ಕೊಸೈನ್ ಇರುವ ಕ್ಯಾಲ್ಕುಲೇಟರ್ ಅಥವಾ ಸ್ಪ್ರೆಡ್‌ಶೀಟ್. ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ. ಎರಡೂ ಊರುಗಳು ಯುಟಿಸಿಗಿಂತ (ಎಲ್ಲ ದೇಶಗಳ ಗಡಿಯಾರಗಳಿಗೆ ಆಧಾರವಾದ ಜಾಗತಿಕ ಸಮಯ) ಎಷ್ಟು ಮುಂದೆ ಅಥವಾ ಹಿಂದೆ ಎಂಬ ವಿವರ, ಅದೂ ನೀವು ಹಾರುವ ದಿನದ್ದು, ಇವತ್ತಿನದ್ದಲ್ಲ.

ಇವುಗಳ ಜೊತೆಗೆ ಒಂದು ಭೂಗೋಳ ಮತ್ತು ಒಂದು ದಾರ ಇದ್ದರೆ ಒಳ್ಳೆಯದು. ಇದು ಅಲಂಕಾರಕ್ಕಲ್ಲ. 30 ಸೆಂ.ಮೀ. ವ್ಯಾಸದ ಗೋಳದ ಸುತ್ತಳತೆ ಸುಮಾರು 94 ಸೆಂ.ಮೀ.; ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಅಂದರೆ ಗೋಳದ ಮೇಲಿನ 1 ಸೆಂ.ಮೀ. ದಾರ ಸುಮಾರು 425 ಕಿ.ಮೀ. ದಾರದ ಒಂದು ತುದಿಯನ್ನು ಟೋಕಿಯೊ ಮೇಲೆ, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ ಒತ್ತಿ ಹಿಡಿದು ಬಿಗಿಯಾಗಿ ಎಳೆಯಿರಿ. ದಾರ ತಾನಾಗಿ ಉತ್ತರಕ್ಕೆ ಸರಿದು ಅಲ್ಯೂಶಿಯನ್ ದ್ವೀಪಗಳ ಕಡೆಗೆ ಬಾಗುತ್ತದೆ. ಅಳೆದರೆ 19 ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ಬರುತ್ತದೆ, ಅಂದರೆ 8,200 ಕಿ.ಮೀ. ಆಸುಪಾಸು. ಮುಂದೆ ಕ್ಯಾಲ್ಕುಲೇಟರ್ ಏನೇ ಹೇಳಲಿ, ಅದು ಈ ದಾರದ ಹತ್ತಿರ ಇಲ್ಲದಿದ್ದರೆ ತಪ್ಪು ಕ್ಯಾಲ್ಕುಲೇಟರ್‌ನದ್ದೇ.

## ಹಂತ 1: ಊರನ್ನಲ್ಲ, ನಿಲ್ದಾಣವನ್ನು ಗುರುತಿಸಿ

ಲಂಡನ್, ನ್ಯೂಯಾರ್ಕ್, ಟೋಕಿಯೊ ಎಂದು ಬರೆದುಕೊಂಡು ಶುರು ಮಾಡಬೇಡಿ. ಲಂಡನ್‌ಗೆ ಹೀಥ್ರೂ, ಗ್ಯಾಟ್‌ವಿಕ್, ಸ್ಟ್ಯಾನ್‌ಸ್ಟೆಡ್, ಲೂಟನ್ ಎಂದು ಸಾಲು ನಿಲ್ದಾಣಗಳಿವೆ. ಟೋಕಿಯೊದ ಹನೇಡಾ ಮತ್ತು ನರಿಟಾ ನಡುವೆಯೇ 60 ಕಿ.ಮೀ. ಅಂತರವಿದೆ. ಎಂಟು ಸಾವಿರ ಕಿಲೋಮೀಟರ್ ಹಾರಾಟದ ಲೆಕ್ಕದಲ್ಲಿ 60 ಕಿ.ಮೀ. ದೊಡ್ಡದಲ್ಲ, ಆದರೆ ಒಂದರಲ್ಲಿ ಇಳಿದು ಇನ್ನೊಂದರಿಂದ ಹತ್ತಬೇಕಾದವರಿಗೆ ಅದೇ ಅರ್ಧ ದಿನದ ಪ್ರಶ್ನೆ.

ಇದಕ್ಕಿಂತ ಅಪಾಯಕಾರಿ ಒಂದೇ ಹೆಸರಿನ ಊರುಗಳು. ಸಿಡ್ನಿ ಆಸ್ಟ್ರೇಲಿಯಾದಲ್ಲೂ ಇದೆ, ಕೆನಡಾದ ನೋವಾ ಸ್ಕೋಶಿಯಾದಲ್ಲೂ ಇದೆ, ಎರಡಕ್ಕೂ ವಿಮಾನ ನಿಲ್ದಾಣವಿದೆ. ಒಂದಕ್ಕೆ ಬದಲು ಇನ್ನೊಂದಕ್ಕೆ ಟಿಕೆಟ್ ತೆಗೆದು ಹೋದವರ ಸುದ್ದಿಗಳು ಪತ್ರಿಕೆಗಳಲ್ಲಿ ಬಂದಿವೆ. ಸ್ಯಾನ್ ಹೋಸೆ ಕೋಸ್ಟರಿಕಾದಲ್ಲೂ ಇದೆ, ಕ್ಯಾಲಿಫೋರ್ನಿಯಾದಲ್ಲೂ ಇದೆ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡಿನಲ್ಲೂ ಅಲಬಾಮಾದಲ್ಲೂ ಇದೆ. ಹಾಗಾಗಿ ಮೂರಕ್ಷರದ ಐಎಟಿಎ ಸಂಕೇತವನ್ನು ಬರೆದುಕೊಳ್ಳಿ: ನರಿಟಾಕ್ಕೆ ಎನ್‌ಆರ್‌ಟಿ, ಸ್ಯಾನ್ ಫ್ರಾನ್ಸಿಸ್ಕೊಗೆ ಎಸ್‌ಎಫ್‌ಒ. ನಾಲ್ಕಕ್ಷರದ ಸಂಕೇತ ಕಂಡರೆ ಅದು ಐಸಿಎಒ ಪಟ್ಟಿಯದು. ಪೈಲಟ್‌ಗಳು, ಹವಾಮಾನ ವರದಿಗಳು ಬಳಸುವುದು ಅದನ್ನು. ಎರಡನ್ನೂ ಬೆರೆಸಬೇಡಿ.

ಎಚ್ಚರಿಕೆಯ ಸೂಚನೆ: ಹುಡುಕಾಟದಲ್ಲಿ ಊರಿನ ಹೆಸರಿನ ಕೆಳಗೆ "ಎಲ್ಲ ನಿಲ್ದಾಣಗಳು" ಎಂದು ಬಂದರೆ ನೀವು ಇನ್ನೂ ನಿಲ್ದಾಣವನ್ನು ಆರಿಸಿಲ್ಲ.

## ಹಂತ 2: ಅಕ್ಷಾಂಶ, ರೇಖಾಂಶಗಳನ್ನು ದಶಮಾಂಶಕ್ಕೆ ತನ್ನಿ

ಲೆಕ್ಕಕ್ಕೆ ಕೂರುವವರಲ್ಲಿ ಅರ್ಧದಷ್ಟು ಜನ ಬೀಳುವುದು ಇಲ್ಲೇ.

ಹಲವು ಪಟ್ಟಿಗಳಲ್ಲಿ ನರಿಟಾದ ಅಕ್ಷಾಂಶ 35 ಡಿಗ್ರಿ, 45 ನಿಮಿಷ, 55 ಸೆಕೆಂಡ್ ಉತ್ತರ ಎಂದಿರುತ್ತದೆ. ಇದನ್ನು 35.4555 ಎಂದು ಬರೆದರೆ ನಿಲ್ದಾಣ ಸುಮಾರು 34 ಕಿ.ಮೀ. ದಕ್ಷಿಣಕ್ಕೆ ಜಾರುತ್ತದೆ. ನಿಮಿಷವನ್ನು 60ರಿಂದ, ಸೆಕೆಂಡನ್ನು 3,600ರಿಂದ ಭಾಗಿಸಿ ಕೂಡಿಸಬೇಕು: 45 ÷ 60 = 0.75; 55 ÷ 3,600 = 0.015. ಸರಿಯಾದ ಉತ್ತರ 35.765.

ನಂತರ ಚಿಹ್ನೆ. ಉತ್ತರ ಮತ್ತು ಪೂರ್ವಕ್ಕೆ ಧನ, ದಕ್ಷಿಣ ಮತ್ತು ಪಶ್ಚಿಮಕ್ಕೆ ಋಣ. ನಮ್ಮ ಜೋಡಿ ಹೀಗಾಗುತ್ತದೆ:

- ನರಿಟಾ: ಅಕ್ಷಾಂಶ +35.765, ರೇಖಾಂಶ +140.386
- ಸ್ಯಾನ್ ಫ್ರಾನ್ಸಿಸ್ಕೊ: ಅಕ್ಷಾಂಶ +37.619, ರೇಖಾಂಶ −122.375

ಆ ಒಂದು ಋಣಚಿಹ್ನೆ ಬಿಟ್ಟುಹೋದರೆ ಸ್ಯಾನ್ ಫ್ರಾನ್ಸಿಸ್ಕೊ ಚೀನಾದ ಶಾನ್‌ಡಾಂಗ್ ಕರಾವಳಿಯ ಪಕ್ಕ, ಹಳದಿ ಸಮುದ್ರದಲ್ಲಿ ತೇಲುತ್ತದೆ. ಅಂತರ ಸುಮಾರು 1,620 ಕಿ.ಮೀ. ಎಂದು ಬರುತ್ತದೆ. ಸೂತ್ರ ದೂರು ಹೇಳುವುದಿಲ್ಲ, ಕ್ಯಾಲ್ಕುಲೇಟರ್ ಕೆಂಪು ದೀಪ ತೋರಿಸುವುದಿಲ್ಲ. ದಾರ ಮಾತ್ರ ತಪ್ಪನ್ನು ಹಿಡಿಯುತ್ತದೆ.

## ಹಂತ 3: ಮಹಾವೃತ್ತದ ಅಂತರವನ್ನು ಲೆಕ್ಕ ಹಾಕಿ

ಗೋಳದ ಮೇಲೆ ಎರಡು ಬಿಂದುಗಳ ನಡುವಿನ ಅತಿ ಕಡಿಮೆ ದಾರಿ ಮಹಾವೃತ್ತದ, ಅಂದರೆ ಗೋಳವನ್ನು ಸರಿಯಾಗಿ ಎರಡು ಸಮಭಾಗ ಮಾಡುವ ವೃತ್ತದ, ತುಣುಕು. ಸೂತ್ರ ಇಷ್ಟೇ:

ಕೊಸೈನ್(ಕೋನ) = ಸೈನ್(ಅಕ್ಷಾಂಶ 1) × ಸೈನ್(ಅಕ್ಷಾಂಶ 2) + ಕೊಸೈನ್(ಅಕ್ಷಾಂಶ 1) × ಕೊಸೈನ್(ಅಕ್ಷಾಂಶ 2) × ಕೊಸೈನ್(ರೇಖಾಂಶಗಳ ವ್ಯತ್ಯಾಸ)

ನಮ್ಮ ಅಂಕಿಗಳನ್ನು ಹಾಕೋಣ. ರೇಖಾಂಶಗಳ ವ್ಯತ್ಯಾಸ 140.386 − (−122.375) = 262.761 ಡಿಗ್ರಿ. ಇದು 180ಕ್ಕಿಂತ ಹೆಚ್ಚಾದ್ದರಿಂದ ಭೂಮಿಯ ಇನ್ನೊಂದು ಬದಿಯಿಂದ ಹೋಗುವುದು ಹತ್ತಿರ: 360 − 262.761 = 97.239. ಕೊಸೈನ್ ಎರಡಕ್ಕೂ ಒಂದೇ ಆದ್ದರಿಂದ ಈ ಸೂತ್ರದಲ್ಲಿ ಕಳೆಯದಿದ್ದರೂ ಉತ್ತರ ಕೆಡುವುದಿಲ್ಲ. ಆದರೂ ಕಳೆಯುವ ಅಭ್ಯಾಸ ಇಟ್ಟುಕೊಳ್ಳಿ. ವಿಮಾನ ಪೂರ್ವಕ್ಕೆ ಹೋಗುತ್ತದೋ ಪಶ್ಚಿಮಕ್ಕೋ ಎಂಬುದು ಆಗಲೇ ಗೊತ್ತಾಗುತ್ತದೆ, ಗಾಳಿಯ ಲೆಕ್ಕಕ್ಕೆ ಅದು ಬೇಕು.

- ಸೈನ್‌ಗಳ ಗುಣಲಬ್ಧ: 0.5845 × 0.6104 = 0.3568
- ಕೊಸೈನ್‌ಗಳ ಗುಣಲಬ್ಧ: 0.8114 × 0.7921 × (−0.1260) = −0.0810
- ಮೊತ್ತ: 0.2758
- ವಿಲೋಮ ಕೊಸೈನ್: 73.99 ಡಿಗ್ರಿ, ಅಂದರೆ 1.2914 ರೇಡಿಯನ್ (ಡಿಗ್ರಿಯನ್ನು 57.296ರಿಂದ ಭಾಗಿಸಿದ್ದು)
- ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ.ಯಿಂದ ಗುಣಿಸಿದರೆ: ಸುಮಾರು 8,227 ಕಿ.ಮೀ.

ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾಗಿದೆ. ಸಮಭಾಜಕದ ತ್ರಿಜ್ಯ 6,378 ಕಿ.ಮೀ., ಧ್ರುವದ ತ್ರಿಜ್ಯ 6,357 ಕಿ.ಮೀ. ಇದನ್ನು ಲೆಕ್ಕಕ್ಕೆ ಹಿಡಿಯುವ ತಂತ್ರಾಂಶಗಳು ಇದೇ ಜೋಡಿಗೆ ಸುಮಾರು 20 ಕಿ.ಮೀ. ಹೆಚ್ಚು ತೋರಿಸುತ್ತವೆ. ಗೋಳದ ಸೂತ್ರದ ತಪ್ಪು ಅರ್ಧ ಶೇಕಡಾದ ಆಚೆ ಹೋಗುವುದು ಅಪರೂಪ. ಪ್ರಯಾಣದ ಸಮಯಕ್ಕೆ ಇದು ಒಂದೆರಡು ನಿಮಿಷದ ಮಾತು, ತಲೆ ಕೆಡಿಸಿಕೊಳ್ಳಬೇಡಿ.

ಸ್ಪ್ರೆಡ್‌ಶೀಟ್ ಬಳಸುವವರಿಗೆ ಒಂದು ಕಿವಿಮಾತು: ಅದರ ಸೈನ್, ಕೊಸೈನ್‌ಗಳು ಡಿಗ್ರಿಯನ್ನಲ್ಲ, ರೇಡಿಯನ್‌ ಅನ್ನು ನಿರೀಕ್ಷಿಸುತ್ತವೆ. ಪ್ರತಿ ಕೋನವನ್ನೂ ಮೊದಲು ಪರಿವರ್ತಿಸಿ. ಕೈಯ ಕ್ಯಾಲ್ಕುಲೇಟರ್‌ನಲ್ಲಿ ತೊಂದರೆ ಉಲ್ಟಾ. ಅದು ಡಿಗ್ರಿಯಲ್ಲಿ ಉತ್ತರ ಕೊಟ್ಟಿರುತ್ತದೆ, ಜನ 73.99ನ್ನು ನೇರವಾಗಿ 6,371ರಿಂದ ಗುಣಿಸಿ 4,71,000 ಕಿ.ಮೀ. ಎನ್ನುತ್ತಾರೆ. ಚಂದ್ರ ಅದಕ್ಕಿಂತ ಹತ್ತಿರ ಇದ್ದಾನೆ.

ಎಚ್ಚರಿಕೆಯ ಸೂಚನೆ: ಭೂಮಿಯ ಮೇಲೆ ಯಾವ ಎರಡು ಜಾಗಗಳ ಅಂತರವೂ ಸುಮಾರು 20,000 ಕಿ.ಮೀ. ದಾಟುವುದಿಲ್ಲ. ದಾಟಿದರೆ ಘಟಕ ತಪ್ಪಿದೆ ಎಂದೇ ಅರ್ಥ.

### ನಕ್ಷೆಯನ್ನು ನಂಬಿದವರಿಗೆ

ಸಿಡ್ನಿ ಮತ್ತು ಚಿಲಿಯ ಸ್ಯಾಂಟಿಯಾಗೊ ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ: ಒಂದು 33.9 ದಕ್ಷಿಣ, ಇನ್ನೊಂದು 33.4 ದಕ್ಷಿಣ. ಸಾಮಾನ್ಯ ಭೂಪಟದಲ್ಲಿ ಅವುಗಳ ನಡುವೆ ಗೆರೆ ಎಳೆದರೆ ಪೆಸಿಫಿಕ್ ಮೇಲೆ ನೆಟ್ಟಗೆ ಅಡ್ಡಗೆರೆ ಬರುತ್ತದೆ. ಆ ಗೆರೆಯ ಗುಂಟ ಹೋದರೆ ದಾರಿ ಸುಮಾರು 12,770 ಕಿ.ಮೀ. ಮಹಾವೃತ್ತದ ದಾರಿ 11,340 ಕಿ.ಮೀ. ಮಾತ್ರ, ಆದರೆ ಅದು ನಡುವೆ 62 ಡಿಗ್ರಿ ದಕ್ಷಿಣದ ಹತ್ತಿರ, ಅಂಟಾರ್ಕ್ಟಿಕಾದ ನೆರೆಗೆ ಇಳಿಯುತ್ತದೆ. ನಕ್ಷೆಯಲ್ಲಿ ಅದು ವಿಪರೀತ ಸುತ್ತುದಾರಿಯಂತೆ ಕಾಣುತ್ತದೆ. "ಪೈಲಟ್ ಯಾಕೆ ಸುತ್ತಿಕೊಂಡು ಹೋದ" ಎಂದು ಕೇಳುವವರಿಗೆ ಗೋಳದ ಮೇಲೆ ದಾರ ಎಳೆದು ತೋರಿಸುವುದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

### ಕಿಲೋಮೀಟರ್, ಮೈಲಿ, ನಾಟಿಕಲ್ ಮೈಲಿ

ವಿಮಾನಯಾನದಲ್ಲಿ ಮೈಲಿ ಎಂದರೆ ಸಾಮಾನ್ಯವಾಗಿ ನಾಟಿಕಲ್ ಮೈಲಿ, 1.852 ಕಿ.ಮೀ. ರಸ್ತೆಯ ಮೈಲಿ 1.609 ಕಿ.ಮೀ. ಎರಡನ್ನೂ ಅದಲುಬದಲು ಮಾಡಿದರೆ ಹದಿನೈದು ಶೇಕಡಾ ವ್ಯತ್ಯಾಸ ಬರುತ್ತದೆ, ದೂರದ ಹಾರಾಟದಲ್ಲಿ ಅದು ಒಂದು ಗಂಟೆಗೂ ಮೀರಿದ ತಪ್ಪು. ಕೋನದ ಒಂದು ಡಿಗ್ರಿಗೆ 60 ನಾಟಿಕಲ್ ಮೈಲಿ ಎಂಬುದನ್ನು ನೆನಪಿಟ್ಟುಕೊಂಡರೆ 73.99 × 60 = 4,439 ಎಂದು ಬಾಯಲ್ಲೇ ಲೆಕ್ಕ ಮುಗಿಯುತ್ತದೆ.

## ಹಂತ 4: ನಿಜವಾಗಿ ಹಾರುವ ದಾರಿಯನ್ನು ಸೇರಿಸಿ

ಯಾವ ವಿಮಾನವೂ ಮಹಾವೃತ್ತವನ್ನು ಚಾಚೂ ತಪ್ಪದೆ ಅನುಸರಿಸುವುದಿಲ್ಲ. ಏರುವಾಗ ರನ್‌ವೇ ದಿಕ್ಕಿಗೆ ಏರಬೇಕು, ಇಳಿಯುವಾಗ ಸರದಿಯಲ್ಲಿ ನಿಲ್ಲಬೇಕು, ನಡುವೆ ನಿಗದಿತ ವಾಯುಮಾರ್ಗಗಳು, ಗುಡುಗುಮೋಡಗಳು, ಮುಚ್ಚಿದ ವಾಯುಪ್ರದೇಶಗಳು. ಸಾಗರದ ಮೇಲೆ ಎರಡು ಎಂಜಿನ್‌ನ ವಿಮಾನಗಳಿಗೆ ಇನ್ನೊಂದು ಕಟ್ಟುಪಾಡು ಇದೆ: ಒಂದು ಎಂಜಿನ್ ನಿಂತರೆ ಗೊತ್ತುಪಡಿಸಿದ ಅವಧಿಯೊಳಗೆ ಇಳಿಯಬಲ್ಲ ನಿಲ್ದಾಣ ಸಿಗುವಂತೆ ದಾರಿ ಇರಬೇಕು. ಸಿಡ್ನಿ–ಸ್ಯಾಂಟಿಯಾಗೊದಂಥ ದಕ್ಷಿಣ ಸಾಗರದ ದಾರಿಗಳಲ್ಲಿ ಈ ನಿಯಮದ ತೂಕ ಗೊತ್ತಾಗುತ್ತದೆ.

ಸಾಮಾನ್ಯ ದಿನಗಳಿಗೆ ಮಹಾವೃತ್ತದ ಮೇಲೆ 3 ಶೇಕಡಾ ಸೇರಿಸಿ. 8,227 × 1.03 = 8,474 ಕಿ.ಮೀ. ಇದು ಕೈಯಂದಾಜು, ನಿಯಮವಲ್ಲ. ಆದರೆ ತೆರೆದ ಸಾಗರದ ದಾರಿಗಳಿಗೆ ಚೆನ್ನಾಗಿ ಹೊಂದುತ್ತದೆ.

ಈ 3 ಶೇಕಡಾ ಪೂರ್ತಿ ಕೈಕೊಡುವ ಸಂದರ್ಭ ಒಂದಿದೆ: ದೇಶಗಳು ಆಕಾಶ ಮುಚ್ಚಿದಾಗ. 2022ರ ಫೆಬ್ರವರಿಯ ನಂತರ ಯುರೋಪಿನ ವಿಮಾನಸಂಸ್ಥೆಗಳಿಗೆ ರಷ್ಯಾದ ವಾಯುಪ್ರದೇಶ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ಮೊದಲು ಒಂಬತ್ತೂವರೆ ಗಂಟೆ ಸಾಕಾಗುತ್ತಿತ್ತು. ಈಗ ಉತ್ತರ ಧ್ರುವದ ಮೇಲಿಂದ ಇಲ್ಲವೇ ದಕ್ಷಿಣದಿಂದ ಬಳಸಿ ಹೋಗಲು ಸುಮಾರು ಹದಿಮೂರು ಗಂಟೆ ಬೇಕು. ಮಹಾವೃತ್ತದ ಅಂತರ ಒಂದು ಕಿಲೋಮೀಟರ್ ಕೂಡ ಬದಲಾಗಿಲ್ಲ. ಹಳೆಯ ಪಟ್ಟಿಗಳು, ಅಂತರ ಮಾತ್ರ ನೋಡಿ ಸಮಯ ಹೇಳುವ ಉಪಕರಣಗಳು ಇಂಥ ಕಡೆ ಕಣ್ಣು ಮುಚ್ಚಿಕೊಂಡು ಹಳೆಯ ಉತ್ತರವನ್ನೇ ಕೊಡುತ್ತವೆ. ಅದೇ ಜೋಡಿಗೆ ವಿಮಾನಸಂಸ್ಥೆ ಯಾವ ದೇಶದ್ದು ಎಂಬುದರ ಮೇಲೂ ಸಮಯ ಬದಲಾಗುತ್ತದೆ, ಏಕೆಂದರೆ ನಿಷೇಧ ಎಲ್ಲರಿಗೂ ಒಂದೇ ಅಲ್ಲ.

## ಹಂತ 5: ವೇಗದಿಂದ ಭಾಗಿಸಿ, ಆದರೆ ಗಾಳಿಯನ್ನು ಕೂಡಿಸಿದ ಮೇಲೆ

ಬೋಯಿಂಗ್ 787, ಏರ್‌ಬಸ್ ಎ350 ಮುಂತಾದ ದೂರದ ವಿಮಾನಗಳು ಸುಮಾರು ಮ್ಯಾಕ್ 0.85ರಲ್ಲಿ ಹಾರುತ್ತವೆ. 11 ಕಿ.ಮೀ. ಎತ್ತರದಲ್ಲಿ ತಾಪಮಾನ ಮೈನಸ್ 56 ಡಿಗ್ರಿಯ ಆಸುಪಾಸು. ಅಷ್ಟು ಚಳಿಯಲ್ಲಿ ಶಬ್ದದ ವೇಗ ಗಂಟೆಗೆ 1,062 ಕಿ.ಮೀ.ಗೆ ಇಳಿದಿರುತ್ತದೆ. ಅದರ 0.85 ಪಾಲು ಸುಮಾರು 900 ಕಿ.ಮೀ. ಬೋಯಿಂಗ್ 737, ಎ320 ವರ್ಗದವು ಮ್ಯಾಕ್ 0.78ರ ಹತ್ತಿರ, ಅಂದರೆ ಸುಮಾರು 830 ಕಿ.ಮೀ. ವೇಗದಲ್ಲಿ ಹೋಗುತ್ತವೆ. ನೆಲಮಟ್ಟದ ಶಬ್ದವೇಗ 1,225ನ್ನು ಹಿಡಿದು ಗುಣಿಸುವುದು ಪುಸ್ತಕದ ಹುಳುಗಳು ಮಾಡುವ ತಪ್ಪು.

ಈ 900 ವಿಮಾನ ಗಾಳಿಯೊಳಗೆ ಸಾಗುವ ವೇಗ. ನಮಗೆ ಬೇಕಾದದ್ದು ನೆಲದ ಮೇಲೆ ಅದು ಕ್ರಮಿಸುವ ವೇಗ. ಗಾಳಿಯೇ ಚಲಿಸುತ್ತಿರುವಾಗ ವಿಮಾನದ ಸ್ಥಿತಿ, ತಾನೇ ಚಲಿಸುವ ಕಾಲುದಾರಿಯ ಮೇಲೆ ನಡೆಯುವವನಂತೆ: ಜೊತೆಗೆ ನಡೆದರೆ ಬೇಗ, ಎದುರಾಗಿ ನಡೆದರೆ ನಿಧಾನ. ಉತ್ತರ, ದಕ್ಷಿಣ ಎರಡೂ ಗೋಳಾರ್ಧಗಳ ಮಧ್ಯ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲೇ, ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿಯ ಪಟ್ಟಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಿ ಅದು ಜೋರು. ಕೆಲವೊಮ್ಮೆ ಅದರ ತಿರುಳಿನ ವೇಗ ಗಂಟೆಗೆ 300 ಕಿ.ಮೀ. ಮೀರುತ್ತದೆ. 2020ರ ಫೆಬ್ರವರಿಯಲ್ಲಿ ಸಿಯಾರಾ ಚಂಡಮಾರುತದ ಹೊತ್ತಿಗೆ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು. ಆ ದಾರಿಗೆ ಸಾಮಾನ್ಯವಾಗಿ ಆರರಿಂದ ಏಳು ಗಂಟೆ ಬೇಕು. ಎಂಜಿನ್ ಅದೇ, ಗಾಳಿ ಬೇರೆ.

ದಾರಿಯುದ್ದಕ್ಕೂ ಸರಾಸರಿ ಎಷ್ಟು ಗಾಳಿ ಹಿಡಿಯಬೇಕು? ದಿನದಿನವೂ ಬದಲಾಗುವ ಈ ಅಂಕಿಗೆ ನಾನು ಬಳಸುವ ಅಳತೆ ಇದು. ಮಧ್ಯ ಅಕ್ಷಾಂಶದಲ್ಲಿ ಪೂರ್ವ–ಪಶ್ಚಿಮ ದಾರಿಯಾದರೆ ಗಂಟೆಗೆ 80 ಕಿ.ಮೀ., ಚಳಿಗಾಲದ ಪೆಸಿಫಿಕ್ ಆದರೆ ಇನ್ನೂ ಹೆಚ್ಚು. ಉತ್ತರ–ದಕ್ಷಿಣ ದಾರಿಯಾದರೆ ಸೊನ್ನೆ. ಲಂಡನ್–ಜೊಹಾನ್ಸ್‌ಬರ್ಗ್ ಸುಮಾರು 9,070 ಕಿ.ಮೀ.; ಹೋಗಲೂ ಬರಲೂ ಹೆಚ್ಚುಕಡಿಮೆ ಅದೇ ಹನ್ನೊಂದು ಗಂಟೆ.

ನಮ್ಮ ಜೋಡಿಗೆ, 900ಕ್ಕೆ 80 ಕೂಡಿಸಿ ಮತ್ತು ಕಳೆದು:

- ಪೂರ್ವಕ್ಕೆ, ನರಿಟಾದಿಂದ: 8,474 ÷ 980 = 8.65 ಗಂಟೆ
- ಪಶ್ಚಿಮಕ್ಕೆ, ಸ್ಯಾನ್ ಫ್ರಾನ್ಸಿಸ್ಕೊದಿಂದ: 8,474 ÷ 820 = 10.33 ಗಂಟೆ

8.65 ಗಂಟೆ ಎಂದರೆ 8 ಗಂಟೆ 65 ನಿಮಿಷವಲ್ಲ. ನಗಬೇಡಿ, ಇದನ್ನು ದಿನವೂ ಯಾರಾದರೂ ಮಾಡುತ್ತಾರೆ, 8.40 ಬಂದಾಗ ಅದನ್ನು 8 ಗಂಟೆ 40 ನಿಮಿಷ ಎಂದು ಓದುವವರಂತೂ ಇನ್ನೂ ಹೆಚ್ಚು. ದಶಮಾಂಶದ ನಂತರದ ಭಾಗವನ್ನು 60ರಿಂದ ಗುಣಿಸಿ: 0.65 × 60 = 39. ಹಾಗಾಗಿ ಪೂರ್ವಕ್ಕೆ 8 ಗಂಟೆ 39 ನಿಮಿಷ, ಪಶ್ಚಿಮಕ್ಕೆ 10 ಗಂಟೆ 20 ನಿಮಿಷ.

ಪಶ್ಚಿಮಕ್ಕೆ ಹೋಗುವಾಗ ಭೂಮಿ ಎದುರು ತಿರುಗುವುದರಿಂದ ಸಮಯ ಬದಲಾಗುತ್ತದೆ ಎಂಬ ವಾದ ಆಗಾಗ ಕಿವಿಗೆ ಬೀಳುತ್ತದೆ. ಗಾಳಿಯೂ ವಿಮಾನವೂ ಭೂಮಿಯ ಜೊತೆಗೇ ತಿರುಗುತ್ತಿವೆ, ಆ ವಾದವನ್ನು ಲೆಕ್ಕಕ್ಕೆ ತರಬೇಡಿ.

ಎಚ್ಚರಿಕೆಯ ಸೂಚನೆ: ಮಧ್ಯ ಅಕ್ಷಾಂಶದ ಪೂರ್ವ–ಪಶ್ಚಿಮ ದಾರಿಯಲ್ಲಿ ಹೋಗುವ ಮತ್ತು ಬರುವ ಸಮಯಗಳನ್ನು ಒಂದು ಉಪಕರಣ ಒಂದೇ ಎಂದು ತೋರಿಸುತ್ತಿದ್ದರೆ ಅದು ಗಾಳಿಯನ್ನು ನೋಡುತ್ತಿಲ್ಲ. ಅಂತರವನ್ನು ಒಂದು ಸ್ಥಿರ ವೇಗದಿಂದ ಭಾಗಿಸಿ ಅರ್ಧ ಗಂಟೆ ಸೇರಿಸಿರುತ್ತದೆ, ಅಷ್ಟೇ.

## ಹಂತ 6: ಗೇಟ್‌ನಿಂದ ಗೇಟ್‌ಗೆ

ಟಿಕೆಟ್‌ನಲ್ಲಿರುವುದು ಹಾರಾಟದ ಸಮಯವಲ್ಲ. ವಿಮಾನ ಗೇಟ್ ಬಿಟ್ಟ ಗಳಿಗೆಯಿಂದ ಇನ್ನೊಂದು ಗೇಟ್‌ಗೆ ಬಂದು ನಿಲ್ಲುವ ಗಳಿಗೆಯವರೆಗಿನದು. ಇದನ್ನು ಬ್ಲಾಕ್ ಸಮಯ ಎನ್ನುತ್ತಾರೆ. ರನ್‌ವೇವರೆಗೆ ಟ್ಯಾಕ್ಸಿ (ವಿಮಾನ ನೆಲದ ಮೇಲೆ ನಿಧಾನವಾಗಿ ಉರುಳುವುದು), ಏರುವಾಗ ಮತ್ತು ಇಳಿಯುವಾಗಿನ ಕಡಿಮೆ ವೇಗ, ಇಳಿದ ಮೇಲೆ ಮತ್ತೆ ಟ್ಯಾಕ್ಸಿ ಎಲ್ಲ ಸೇರಿ 35 ನಿಮಿಷ ಹಾಕಿ. ದಟ್ಟಣೆಯ ನಿಲ್ದಾಣವಾದರೆ 45.

ಪೂರ್ವಕ್ಕೆ 9 ಗಂಟೆ 15 ನಿಮಿಷ (8 ಗಂಟೆ 39 ನಿಮಿಷಕ್ಕೆ 35 ನಿಮಿಷ ಕೂಡಿಸಿ ಹತ್ತಿರದ ಐದಕ್ಕೆ ತಂದದ್ದು), ಪಶ್ಚಿಮಕ್ಕೆ 10 ಗಂಟೆ 55 ನಿಮಿಷ. ಇವು ಈ ದಾರಿಯ ವೇಳಾಪಟ್ಟಿಗಳಲ್ಲಿ ಕಾಣುವ ಸಮಯಗಳ ಹತ್ತಿರವೇ ಇವೆ. ವಿಮಾನಸಂಸ್ಥೆಗಳು ತಡವಾಯಿತು ಎನಿಸಿಕೊಳ್ಳದಿರಲು ಕೆಲವು ನಿಮಿಷ ಹೆಚ್ಚೇ ಇಟ್ಟುಕೊಳ್ಳುತ್ತವೆ. "ಇಪ್ಪತ್ತು ನಿಮಿಷ ಮೊದಲೇ ಬಂದಿದ್ದೇವೆ" ಎಂಬ ಘೋಷಣೆಯ ಹಿಂದೆ ಬಹುಪಾಲು ಇರುವುದು ಈ ಮುನ್ನೆಚ್ಚರಿಕೆ.

## ಹಂತ 7: ಈಗ ಗಡಿಯಾರ

ಕ್ರಮ ಒಂದೇ: ಹೊರಡುವ ಸ್ಥಳೀಯ ಸಮಯವನ್ನು ಯುಟಿಸಿಗೆ ತನ್ನಿ, ಪ್ರಯಾಣದ ಸಮಯ ಕೂಡಿಸಿ, ಬಂದದ್ದನ್ನು ತಲುಪುವ ಊರಿನ ಸಮಯಕ್ಕೆ ಬದಲಿಸಿ. ಪ್ರತಿ ಸಾಲಿನಲ್ಲೂ ದಿನಾಂಕ ಬರೆಯಿರಿ. ದಿನಾಂಕ ಬರೆಯದೆ ಗಂಟೆ ಮಾತ್ರ ಬರೆದವರು ದಿನಾಂಕ ರೇಖೆಯ ಬಳಿ ಖಂಡಿತ ದಾರಿ ತಪ್ಪುತ್ತಾರೆ.

ಜನವರಿ 10ರಂದು ನರಿಟಾದಿಂದ ಹೊರಟರೆ:

1. ಹೊರಡುವುದು: ಜನವರಿ 10, 17:00. ಜಪಾನ್ ಯುಟಿಸಿಗಿಂತ 9 ಗಂಟೆ ಮುಂದೆ. ಆದ್ದರಿಂದ ಯುಟಿಸಿ ಜನವರಿ 10, 08:00.
2. ಪ್ರಯಾಣ 9 ಗಂಟೆ 15 ನಿಮಿಷ ಕೂಡಿಸಿ: ಯುಟಿಸಿ ಜನವರಿ 10, 17:15.
3. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 8 ಗಂಟೆ ಹಿಂದೆ: ಜನವರಿ 10, ಬೆಳಿಗ್ಗೆ 09:15.

ಮರುದಾರಿ: ಜನವರಿ 10ರ 11:00ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟರೆ ಯುಟಿಸಿ ಅದೇ ದಿನ 19:00, 10 ಗಂಟೆ 55 ನಿಮಿಷ ಕೂಡಿಸಿದರೆ ಜನವರಿ 11ರ 05:55, ಟೋಕಿಯೊದಲ್ಲಿ ಜನವರಿ 11ರ 14:55. ದಿನಾಂಕ ರೇಖೆಗೆಂದು ಬೇರೆಯಾಗಿ ಒಂದು ದಿನ ಕೂಡಿಸುವ, ಕಳೆಯುವ ಅಗತ್ಯವೇ ಬರಲಿಲ್ಲ ಎಂಬುದನ್ನು ಗಮನಿಸಿ. ಯುಟಿಸಿ ಮೂಲಕ ಹೋದರೆ ಅದು ತಾನಾಗಿ ಸರಿಹೋಗುತ್ತದೆ. ರೇಖೆ ದಾಟಿದ್ದಕ್ಕೆ ಎಂದು ಇನ್ನೊಮ್ಮೆ ದಿನ ಸೇರಿಸಿದವರು ಒಂದು ದಿನ ತಡವಾಗಿ ಸ್ವಾಗತಿಸಲು ಹೋಗುತ್ತಾರೆ.

### ಬೇಸಿಗೆ ಸಮಯದ ಬಲೆ

ಕೆಲವು ದೇಶಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತವೆ. ಅಮೆರಿಕದಲ್ಲಿ ಅದು ಮುಂದೆ ಹೋಗುವುದು ಮಾರ್ಚ್‌ನ ಎರಡನೆಯ ಭಾನುವಾರ, ಹಿಂದೆ ಬರುವುದು ನವೆಂಬರ್‌ನ ಮೊದಲ ಭಾನುವಾರ. ಬ್ರಿಟನ್ ಮತ್ತು ಯುರೋಪಿನ ಒಕ್ಕೂಟದಲ್ಲಿ ಮಾರ್ಚ್‌ನ ಹಾಗೂ ಅಕ್ಟೋಬರ್‌ನ ಕೊನೆಯ ಭಾನುವಾರಗಳು. ಹಾಗಾಗಿ ಲಂಡನ್–ನ್ಯೂಯಾರ್ಕ್ ವ್ಯತ್ಯಾಸ ವರ್ಷದ ಬಹುಪಾಲು 5 ಗಂಟೆ ಇದ್ದರೂ ಮಾರ್ಚ್‌ನ ಕೆಲವು ವಾರ, ಶರತ್ಕಾಲದ ಒಂದು ವಾರ 4 ಗಂಟೆ ಮಾತ್ರ. ಜಪಾನ್ ಗಡಿಯಾರವನ್ನು ಬದಲಿಸುವುದೇ ಇಲ್ಲ. ಸಿಡ್ನಿಯಲ್ಲಿ ಬೇಸಿಗೆ ಸಮಯ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ. ಅದೇ ದೇಶದ ಬ್ರಿಸ್ಬೇನ್‌ಗೆ ಅದು ಇಲ್ಲ. ಪರಿಣಾಮವಾಗಿ ಸಿಡ್ನಿ–ನ್ಯೂಯಾರ್ಕ್ ವ್ಯತ್ಯಾಸ ತಿಂಗಳನ್ನು ಅನುಸರಿಸಿ 14, 15 ಅಥವಾ 16 ಗಂಟೆ ಆಗುತ್ತದೆ. ಒಮ್ಮೆ ಬಾಯಿಪಾಠ ಮಾಡಿದ ವ್ಯತ್ಯಾಸವನ್ನು ವರ್ಷವಿಡೀ ಬಳಸುವವರು ಸಿಕ್ಕಿಬೀಳುವುದು ಇಲ್ಲಿ.

ಪೂರ್ಣ ಗಂಟೆಯಲ್ಲದ ವಲಯಗಳನ್ನೂ ಮರೆಯಬೇಡಿ. ಭಾರತ 5.30, ನೇಪಾಳ 5.45, ಅಡಿಲೇಡ್ 9.30, ಇವೆಲ್ಲ ಯುಟಿಸಿಗಿಂತ ಮುಂದೆ, ನ್ಯೂಫೌಂಡ್‌ಲ್ಯಾಂಡ್ 3.30 ಹಿಂದೆ.

## ಹಂತ 8: ನಡುವೆ ಇಳಿಯುವ ಪ್ರಯಾಣವಾದರೆ

ಅಂತರ 16,000 ಕಿ.ಮೀ.ಗಿಂತ ಹೆಚ್ಚು ಬಂದರೆ ನೇರ ವಿಮಾನದ ಸಮಯ ಹುಡುಕುವುದನ್ನು ಬಿಡಿ. ಈಗ ನಿಯಮಿತವಾಗಿ ಹಾರುವ ದಾರಿಗಳಲ್ಲಿ ಅತಿ ಉದ್ದದ ಸಿಂಗಪುರ–ನ್ಯೂಯಾರ್ಕ್ ಜೆಎಫ್‌ಕೆ ಸುಮಾರು 15,350 ಕಿ.ಮೀ., ಹದಿನೆಂಟು ಗಂಟೆಗೂ ಹೆಚ್ಚಿನ ಪ್ರಯಾಣ.

ಆಗ ಪ್ರತಿ ತುಣುಕಿಗೂ ಮೇಲಿನ ಹಂತಗಳನ್ನು ಬೇರೆಬೇರೆಯಾಗಿ ಮಾಡಿ ಕೂಡಿಸಬೇಕು. ಎಲ್ಲಿ ಇಳಿಯುತ್ತೀರಿ ಎಂಬುದು ಮುಖ್ಯ. ಲಂಡನ್–ಸಿಡ್ನಿ ಮಹಾವೃತ್ತ ಸುಮಾರು 17,020 ಕಿ.ಮೀ. ಸಿಂಗಪುರದ ಮೂಲಕ ಹೋದರೆ ಸುಮಾರು 17,170, ಅಂದರೆ ಸುತ್ತು ಬಹುತೇಕ ಇಲ್ಲ. ದುಬೈ ಮೂಲಕ 17,540ರ ಆಸುಪಾಸು. ಲಾಸ್ ಏಂಜಲೀಸ್ ಮೂಲಕವಾದರೆ 20,800 ದಾಟುತ್ತದೆ. ಪ್ರತಿ ನಿಲುಗಡೆಯೂ 35–45 ನಿಮಿಷದ ಟ್ಯಾಕ್ಸಿ, ಏರಿಳಿತಗಳನ್ನು ಇನ್ನೊಮ್ಮೆ ತರುತ್ತದೆ, ಅದರ ಮೇಲೆ ಕಾಯುವ ಹೊತ್ತು. ಕಾಯುವ ಹೊತ್ತನ್ನು ಲೆಕ್ಕ ಹಾಕುವಾಗ ಮಾತ್ರ ಗಡಿಯಾರದಿಂದ ಗಡಿಯಾರವನ್ನು ನೇರವಾಗಿ ಕಳೆಯಬಹುದು, ಎರಡೂ ಒಂದೇ ನಿಲ್ದಾಣದ್ದಾದ್ದರಿಂದ.

## ಹಂತ 9: ತಾಳೆ ನೋಡಿ

ಹೋಗುವ, ಬರುವ ಎರಡೂ ಟಿಕೆಟ್‌ಗಳು ಕೈಯಲ್ಲಿದ್ದರೆ ಸಮಯ ವಲಯ ಗೊತ್ತಿಲ್ಲದೆಯೂ ಒಟ್ಟು ಹಾರಾಟವನ್ನು ಪರೀಕ್ಷಿಸುವ ಉಪಾಯ ಇದೆ. ಪ್ರತಿ ಟಿಕೆಟ್‌ನಲ್ಲಿ ತಲುಪುವ ಸ್ಥಳೀಯ ಸಮಯದಿಂದ ಹೊರಡುವ ಸ್ಥಳೀಯ ಸಮಯವನ್ನು ಕಳೆಯಿರಿ. ನಮ್ಮ ಉದಾಹರಣೆಯಲ್ಲಿ ಹೋಗುವಾಗ 17:00ರಿಂದ ಅದೇ ದಿನದ 09:15, ಅಂದರೆ ಮೈನಸ್ 7 ಗಂಟೆ 45 ನಿಮಿಷ. ಬರುವಾಗ 11:00ರಿಂದ ಮರುದಿನದ 14:55, ಅಂದರೆ 27 ಗಂಟೆ 55 ನಿಮಿಷ. ಎರಡನ್ನೂ ಕೂಡಿಸಿದರೆ 20 ಗಂಟೆ 10 ನಿಮಿಷ. ನಮ್ಮ 9 ಗಂಟೆ 15 ನಿಮಿಷ ಮತ್ತು 10 ಗಂಟೆ 55 ನಿಮಿಷಗಳ ಮೊತ್ತವೂ ಅದೇ. ವಲಯದ ವ್ಯತ್ಯಾಸ ಒಮ್ಮೆ ಕೂಡಿ ಒಮ್ಮೆ ಕಳೆದು ಮಾಯವಾಗುತ್ತದೆ. ಎರಡು ಪ್ರಯಾಣಗಳ ನಡುವೆ ಗಡಿಯಾರ ಬದಲಾಗುವ ಭಾನುವಾರ ಬಂದರೆ ಮಾತ್ರ ಒಂದು ಗಂಟೆ ಏರುಪೇರಾಗುತ್ತದೆ.

ಎರಡನೆಯ ತಾಳೆ: ವಿಮಾನಗಳ ಜಾಡು ತೋರಿಸುವ ಯಾವುದಾದರೂ ತಾಣದಲ್ಲಿ ಅದೇ ವಿಮಾನ ಸಂಖ್ಯೆಯ ಕಳೆದ ಕೆಲವು ದಿನಗಳ ಹಾರಾಟ ನೋಡಿ. ಅಲ್ಲಿ ತೋರಿಸುವುದು ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟಿದ ಕ್ಷಣದವರೆಗಿನದೋ, ಗೇಟ್‌ನಿಂದ ಗೇಟ್‌ನದೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ನಿಮ್ಮ ಅಂಕಿಯೂ ಅಲ್ಲಿನ ಸರಾಸರಿಯೂ ಅರ್ಧ ಗಂಟೆಯೊಳಗೆ ಕೂಡಿಬಂದರೆ ಲೆಕ್ಕ ಚೆನ್ನಾಗಿದೆ. ಒಂದೇ ದಿಕ್ಕಿನಲ್ಲಿ ಮಾತ್ರ ತಪ್ಪಿದ್ದರೆ ಐದನೆಯ ಹಂತದ ಗಾಳಿಯನ್ನು ತಿದ್ದಿ. ಎರಡೂ ದಿಕ್ಕಿನಲ್ಲಿ ಸಮವಾಗಿ ಹೆಚ್ಚಾಗಿದ್ದರೆ ನಾಲ್ಕನೆಯ ಹಂತದ ದಾರಿ ಬಳಸಿಕೊಂಡು ಹೋಗುತ್ತಿದೆ. ಸರಿಯಾಗಿ ಒಂದು ಗಂಟೆ ತಪ್ಪಿದ್ದರೆ ಬೇರೆಲ್ಲೂ ಹುಡುಕಬೇಡಿ, ಬೇಸಿಗೆ ಸಮಯವನ್ನು ನೋಡಿ.